ಜಾಲತಾಣ ಮಾಡಿಸುವ ಮುನ್ನ ಖರ್ಚಿನ ಬಗ್ಗೆ ಒಂದು ಸಲಹೆ

ಅಂಗಡಿಗೆ ಜಾಲತಾಣ ಮಾಡಿಸಲು ಫ್ರೀಲ್ಯಾನ್ಸ್ ಡೆವಲಪರ್‌ಗಳನ್ನು ಹುಡುಕುತ್ತಿರುವವರು, ಎಷ್ಟಾಗುತ್ತದೆ ಎಂದು ಕೇಳುವ ಮೊದಲು, ತಾಣದಲ್ಲಿ ಏನೇನು ಇರಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಈ ಕೆಲಸದಲ್ಲಿರುವ ನನ್ನ ಬಳಿಗೆ ಬಂದ ಸೀರೆ ವ್ಯಾಪಾರಿಯೊಬ್ಬರು, “ಅಮೆಜಾನ್ ಥರದ್ದು ಬೇಕು, 15,000 ರೂಪಾಯಿ ಕೊಡುತ್ತೇನೆ” ಎಂದರು. ಅವರು ಬಯಸಿದ್ದು 300 ಸೀರೆಗಳ ಪುಟಗಳು, ದಾಸ್ತಾನಿನ ಲೆಕ್ಕ ಮತ್ತು ಆನ್‌ಲೈನ್ ಪಾವತಿ. ವಿವರಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿದ್ದವು. ಅವನ್ನು ಜಾಲತಾಣಗಳಲ್ಲಿ ಬಳಸುವ ಅಕ್ಷರ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಕೆಟ್ಟಲ್ಲೆಲ್ಲ ಒಂದೊಂದಾಗಿ ತಿದ್ದುವುದಕ್ಕೇ ದಿನಗಟ್ಟಲೆ ಕೂರಬೇಕಾಗುತ್ತದೆ, ಮತ್ತು ಕಣ್ಣಿಗೆ ಕಾಣದ ಈ ದುಡಿಮೆಗೂ ಬೆಲೆಯಿದೆ.

ಕೈಯಲ್ಲಿ ಹಣ ಕಡಿಮೆಯಿದ್ದರೆ ದರಕ್ಕೆ ಚೌಕಾಸಿ ಮಾಡುವ ಬದಲು ಕೆಲಸವನ್ನೇ ಕಡಿಮೆ ಮಾಡಿಕೊಳ್ಳಿ: ಮೊದಲು ಐದು ಪುಟ ಮತ್ತು ವಾಟ್ಸಾಪ್ ಬಟನ್ ಸಾಕು, ವ್ಯಾಪಾರ ಕುದುರಿದ ಮೇಲೆ ಪಾವತಿ ವ್ಯವಸ್ಥೆಯನ್ನು ಸೇರಿಸಬಹುದು. ಡೊಮೈನ್ (ತಾಣದ ವಿಳಾಸ) ಮತ್ತು ಹೋಸ್ಟಿಂಗ್ (ತಾಣವನ್ನು ಇರಿಸುವ ಸರ್ವರ್ ಜಾಗ) ಶುಲ್ಕ ಒಂದೇ ಸಲಕ್ಕೆ ಮುಗಿಯುವುದಿಲ್ಲ; ಮೊದಲ ವರ್ಷದ ರಿಯಾಯಿತಿ ದರ ನವೀಕರಣದ ಹೊತ್ತಿಗೆ ಸಾಮಾನ್ಯವಾಗಿ ಏರಿರುತ್ತದೆ. ಡೊಮೈನನ್ನು ನಿಮ್ಮ ಹೆಸರು ಮತ್ತು ನಿಮ್ಮ ಇಮೇಲ್‌ನಲ್ಲೇ ನೋಂದಾಯಿಸಿಕೊಳ್ಳಿ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು; ನೌಕರರಲ್ಲದ ಡೆವಲಪರ್ ಬರೆದ ಕೋಡ್, ದುಡ್ಡು ಕೊಟ್ಟ ಮಾತ್ರಕ್ಕೆ ತಾನಾಗಿ ನಿಮ್ಮದಾಗುವುದಿಲ್ಲ. ಆದ್ದರಿಂದ ಹಕ್ಕು, ತಿದ್ದುಪಡಿಗಳ ಮಿತಿ ಮತ್ತು ಕಂತುಗಳ ವಿವರವನ್ನು ಮುಂಗಡ ಕೊಡುವಾಗಲೇ ಬರೆಸಿ, ಇಬ್ಬರೂ ಸಹಿ ಹಾಕಿಕೊಳ್ಳಿ.