ಬ್ಯಾಗ್ ಪ್ಯಾಟರ್ನ್ ದೊಡ್ಡದು ಮಾಡುವ ಮುಂಚೆ ಮಾರ್ಜಿನ್ ತೆಗೆಯಿರಿ

ಪೌಚ್ ಪ್ಯಾಟರ್ನನ್ನು, ಅಂದರೆ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಕಾಗದದ ಆಕಾರವನ್ನು, ಹಾಗೇ ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿದರೆ ಹೊಲಿಗೆ ಮಾರ್ಜಿನ್ (ಹೊಲಿಗೆ ಗೆರೆಯ ಹೊರಗೆ ಬಿಡುವ ಅಂಚು) ಕೂಡ ಹಿಗ್ಗುತ್ತದೆ. ಅರ್ಧ ಇಂಚು ಇದ್ದದ್ದು 150% ಮಾಡಿದಾಗ ಮುಕ್ಕಾಲು ಇಂಚು ಆಗುತ್ತದೆ. ಅದು ಗೊತ್ತಿಲ್ಲದೆ ಅರ್ಧ ಇಂಚಿಗೇ ಹೊಲಿದರೆ ಅಳತೆ ತಪ್ಪುತ್ತದೆ ಅಲ್ವಾ? ಅದಕ್ಕೇ ಮೊದಲು ಮಾರ್ಜಿನ್ ಕತ್ತರಿಸಿ ತೆಗೆಯಿರಿ. ಬರೀ ಹೊಲಿಗೆ ಗೆರೆಯ ಆಕಾರವನ್ನು ದೊಡ್ಡದು ಮಾಡಿ, ಆಮೇಲೆ ಸುತ್ತಲೂ ಹೊಸದಾಗಿ ಮಾರ್ಜಿನ್ ಸೇರಿಸಿ.

ಎಷ್ಟು ಪರ್ಸೆಂಟ್ ಅಂತ ಲೆಕ್ಕ ಹಾಕೋದು ಸುಲಭ. ಬೇಕಾದ ಅಳತೆಯನ್ನು ಈಗಿನ ಅಳತೆಯಿಂದ ಭಾಗಿಸಿ, 100ರಿಂದ ಗುಣಿಸಿ. 8 ಇಂಚಿನದು 10 ಆಗಬೇಕಾದರೆ 125%. ಉದ್ದ, ಅಗಲ ಎರಡೂ ಹಿಗ್ಗುವುದರಿಂದ ಬಟ್ಟೆ ಮಾತ್ರ ಜಾಸ್ತಿ ಬೇಕು, 125%ಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಲೈನಿಂಗಿಗೂ ಇದೇ ಲೆಕ್ಕ.

ಆದರೆ ಆಯತಾಕಾರದ ಬ್ಯಾಗಿಗೆ ಪರ್ಸೆಂಟ್ ಗೊಡವೆಯೇ ಬೇಡ ಅನ್ನುತ್ತೇನೆ. ಉದ್ದ, ಅಗಲ, ತಳ ಮೂರನ್ನೂ ಬೇರೆ ಬೇರೆಯಾಗಿ ನಿಮಗೆ ಬೇಕಾದಂತೆ ಬರೆದುಕೊಳ್ಳಿ. ತಳದ ಅಗಲ ಬರುವುದು ಕೆಳಮೂಲೆಗಳಲ್ಲಿ ಚೌಕ ಕತ್ತರಿಸಿ, ಆ ಅಂಚುಗಳನ್ನು ಸೇರಿಸಿ ಅಡ್ಡ ಹೊಲಿಯುವುದರಿಂದ. ಒಂದೂವರೆ ಇಂಚಿನ ಚೌಕ ತೆಗೆದರೆ 3 ಇಂಚಿನ ತಳ ಸಿಗುತ್ತದೆ. ಆದರೆ ತಳ ಅಗಲವಾದಷ್ಟೂ ಬ್ಯಾಗಿನ ಎತ್ತರ ಕಡಿಮೆಯಾಗುತ್ತದೆ. 3 ಇಂಚಿನ ತಳಕ್ಕೆ ಒಂದೂವರೆ ಇಂಚು ಎತ್ತರ ಹೋಗುತ್ತದೆ, ಅದನ್ನು ಮೊದಲೇ ಸೇರಿಸಿಕೊಳ್ಳಿ.

ಹಿಡಿಕೆಯ ಅಗಲವನ್ನು ಸುಮ್ನೆ ಹಿಗ್ಗಿಸಬೇಡಿ. ಅದು ಕೈಗೆ, ಬಕಲ್‌ಗೆ ಹೊಂದಬೇಕು. ಜಿಪ್ ಸ್ವಲ್ಪ ಉದ್ದದ್ದೇ ತಗೊಳ್ಳಿ. ನೈಲಾನ್ ಜಿಪ್ ಆದರೆ ತುದಿಯನ್ನು ಅಡ್ಡ ಹೊಲಿದು ಕತ್ತರಿಸಬಹುದು. ಒಳ್ಳೆ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೆ ಬಟ್ಟೆಯಲ್ಲಿ ಒಂದು ಹೊಲಿದು ನೋಡಿ.