ಜರಿ ಸಾಯದ ಹಾಗೆ ಸೀರೆ ಫೋಟೋ: ಎರಡು ಫ್ರೇಮಿನ ಲೆಕ್ಕ

ಮೈಸೂರಿನಲ್ಲಿ ಕಮರ್ಷಿಯಲ್ ಫೋಟೋಗ್ರಫಿ ಕಂಪನಿಗೆ ಸೇರಿದರೆ ಮಾಡೆಲ್ಲು, ಔಟ್‌ಡೋರು ಎಲ್ಲಾ ಆಮೇಲಿನ ಮಾತು. ಮೊದಲು ಟೇಬಲ್ಲಿಗೆ ಬರುವುದು ರೇಷ್ಮೆ ಸೀರೆ, ಊದುಬತ್ತಿ ಪ್ಯಾಕೆಟ್ಟು, ಬೀಟೆ ಮರದ ಇನ್‌ಲೇ ಫಲಕ. ಮೂರೂ ಹೊಳೆದು ಕಾಡುವ ಸಾಮಾನೇ.

ಸೀರೆಗೆ ನಮ್ಮಲ್ಲಿ ಇದ್ದ ಪದ್ಧತಿ ಬೆಳಕು ಮೆದು ಮಾಡುವ ಎರಡು ದೊಡ್ಡ ಸಾಫ್ಟ್‌ಬಾಕ್ಸ್, ಬೆಳಕು ತಿರುಗಿಸಲು ಎರಡು ಥರ್ಮಾಕೋಲ್. ಒಡಲು ಬಿಳಿಚಿಕೊಳ್ಳುತ್ತಿತ್ತು, ಅಂಚಿನ ತುಂಬ ಬಿಳಿ ಪಟ್ಟಿ. ಒಂದು ಸೀರೆಗೆ ಐದು ಫೋಟೋ, ಸಿಗುವುದು ಹೆಚ್ಚೂಕಡಿಮೆ 600 ರೂಪಾಯಿ. ರಿಟಚಿಂಗೇ ಮುಕ್ಕಾಲು ಗಂಟೆ ತಿಂದರೆ ಉಳಿಯುವುದೇನು? ಲೈಟಿಗೂ ಲೆನ್ಸಿಗೂ ಪೋಲರೈಸರ್ (ಒಂದೇ ದಿಕ್ಕಿನ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಹಾಕೋಣ ಅಂದಾಗ ಎಲ್ಲರದ್ದೂ ಒಂದೇ ರಾಗ: "ಜರಿ ಸತ್ತುಹೋಗುತ್ತೆ, ಬಿಡಿ."

ಸುಳ್ಳೇನಲ್ಲ. ಮೈಸೂರು ಸಿಲ್ಕಿನ ಜರಿ ಎಂದರೆ ಚಿನ್ನದ ಲೇಪದ ಬೆಳ್ಳಿ ಎಳೆ. ಪೋಲರೈಸ್ ಆದ ಬೆಳಕನ್ನು ಲೋಹ ಹಾಗೇ ವಾಪಸ್ ಕಳಿಸುತ್ತದೆ. ಲೆನ್ಸಿನ ಫಿಲ್ಟರ್ ಅಡ್ಡ ತಿರುಗಿದ ಕೂಡಲೇ ಅಂಚು ಕಂದಿ ಕಾಫಿಪುಡಿ ಬಣ್ಣಕ್ಕೆ ಇಳಿಯುತ್ತದೆ. ಇನ್‌ಲೇ ಫಲಕಕ್ಕೆ ಈ ಕಾಟವಿಲ್ಲ, ಪಾಲಿಶ್ ಹೊಳಪು ಮಾಯವಾಗಿ ಮರದ ಎಳೆ ಎಳೆಯೂ ಕಾಣುತ್ತದೆ.

ಲೈಟಿನ ಮುಂದೆ ಹಿಡಿಯಲು ಮೊದಲ ಸಲ ತಂದದ್ದು ಅಗ್ಗದ ಪೋಲರೈಸರ್ ಹಾಳೆ, ಸುಮಾರು 2,000 ರೂಪಾಯಿ ನೀರಿಗೆ ಹೋಯಿತು. ಬಣ್ಣ ಹಸಿರಿಗೆ ವಾಲಿತು, ಸಾಲದ್ದಕ್ಕೆ ಫ್ಲಾಶಿನೊಳಗೆ ಸದಾ ಉರಿಯುವ ಮಾಡೆಲಿಂಗ್ ಲ್ಯಾಂಪಿನ ಕಾವಿಗೆ ನಡುವೆ ಸುಟ್ಟು ಗುಳ್ಳೆ ಎದ್ದಿತು. ಆಮೇಲಿನ ಎರಡು ಒಳ್ಳೇ ಹಾಳೆಗೆ 11–12 ಸಾವಿರ. ಈಗ ಲ್ಯಾಂಪ್ ಆಫ್, ಹಾಳೆ ಲೈಟಿನ ಮುಂದೆ ಒಂದು ಗೇಣು ದೂರ. ಎರಡೂ ಹಾಳೆಯ ದಿಕ್ಕು ಒಂದೇ ಇರಲೇಬೇಕು. ಮೂಲೆಯಲ್ಲಿ ಮಾರ್ಕರಿನಿಂದ ಬಾಣ ಬರೆದಿಟ್ಟಿದ್ದೇವೆ. ಇದೊಂದು ಮರೆತು ಅರ್ಧ ದಿನದ ಶೂಟ್ ತಿಪ್ಪೆಗೆ ಹೋಗಿದೆ.

ಲೆನ್ಸಿನ ಫಿಲ್ಟರಿನ ದಿಕ್ಕು ನೋಡಲು ಸೀರೆಯ ಮೇಲೆ ಸ್ಟೀಲ್ ಚಮಚ ಇಡಿ. ಲೆನ್ಸಿನ ಸಿಪಿಎಲ್ (ತಿರುಗಿಸಬಹುದಾದ ಪೋಲರೈಸರ್ ಫಿಲ್ಟರ್) ತಿರುಗಿಸುತ್ತಾ ಹೋಗಿ ಟೆಸ್ಟ್ ಹೊಡೆಯಿರಿ; ಚಮಚದ ಮೇಲಿನ ಬಿಳಿ ಚುಕ್ಕೆ ಕಡುನೇರಳೆಗೆ ತಿರುಗಿದಲ್ಲಿ ನಿಲ್ಲಿಸಿ. ಅದು ಒಡಲಿನ ಫ್ರೇಮು. ಚಮಚ ತೆಗೆದು ಒಂದು ಹೊಡೆದು, ಹೊಳಪು ಸ್ವಲ್ಪ ಮರಳುವ ಹಾಗೆ ಸಿಪಿಎಲ್ ಹಿಂದಕ್ಕೆ ತಿರುಗಿಸಿ ಜರಿಗೆ ಇನ್ನೊಂದು. ಎಷ್ಟು ಡಿಗ್ರಿ ಹಿಂದಕ್ಕೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಅನ್ನ ಅದರಲ್ಲೇ ಇದೆ. ನಲವತ್ತಕ್ಕಿಂತ ಹೆಚ್ಚು ಬೇಡ ಅಂತ ಮಾತ್ರ ಹೇಳಬಲ್ಲೆ.

ಫೋಟೋಶಾಪಿನಲ್ಲಿ ಒಡಲು ಕೆಳಗೆ, ಜರಿ ಮೇಲೆ, ಮೋಡ್ ಲೈಟನ್ (ಎರಡರಲ್ಲಿ ಹೆಚ್ಚು ಬೆಳಕಿರುವುದೇ ಕಾಣುತ್ತದೆ), ಮಾಸ್ಕ್ ಅಂಚಿಗೂ ಸೆರಗಿಗೂ ಮಾತ್ರ. ಎರಡು ಫ್ರೇಮಿನ ನಡುವೆ ಬಟ್ಟೆ ಕೂದಲೆಳೆಯಷ್ಟು ಜಾರಿದರೂ ಅಂಚು ಜೋಡಿ ಜೋಡಿ ಕಾಣುತ್ತದೆ. ಅದಕ್ಕೇ ಫ್ಯಾನ್ ಬಂದ್, ಮ್ಯಾನುಯಲ್ ಫೋಕಸ್, ರಿಮೋಟು. ನೆರಿಗೆ ಹಿಡಿದ ಮೇಲೆ ಎರಡು ನಿಮಿಷ ಸುಮ್ಮನಿರಬೇಕು, ರೇಷ್ಮೆ ತಾನೇ ಇಳಿದು ಕೂರುತ್ತದೆ. ಸ್ಟೀಮರ್ ಒಂದು ಮೊಳ ದೂರವೇ ಇರಲಿ. ನೀರು ತೊಟ್ಟಿಕ್ಕಿದರೆ ಕಲೆ, ಕಲೆಯಾದ ಸೀರೆ ನಮ್ಮ ಲೆಕ್ಕಕ್ಕೆ!

ಹಾಳೆ, ಸಿಪಿಎಲ್ ಸೇರಿ ಮೂರು ಸ್ಟಾಪಿನಷ್ಟು ಬೆಳಕು ನುಂಗುತ್ತವೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ). 400 ವ್ಯಾಟ್-ಸೆಕೆಂಡಿನ ಫ್ಲಾಶ್ ಪೂರ್ತಿ ಏರಿಸಿ, ಐಎಸ್‌ಒ 200, ಎಫ್ 8. ಬ್ಯಾಟರಿ ಲೈಟ್ ನಂಬಿದವರು ಮಧ್ಯಾಹ್ನಕ್ಕೇ ಕೈಚೆಲ್ಲುತ್ತಾರೆ.

ಇದೇ ಸೆಟ್ಟಪ್ಪಿನಲ್ಲಿ ಊದುಬತ್ತಿ ಡಬ್ಬಿಯನ್ನೂ ಇಟ್ಟು ನೋಡಿದೆವು. ಬೆಳ್ಳಿ ಫಾಯಿಲಿನ ಮೇಲೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಇದ್ದದ್ದಕ್ಕೆ ಕಾಮನಬಿಲ್ಲೇ ಇಳಿದುಬಂತು. ನೋಡಲು ಚಂದ, ಗಿರಾಕಿಗೆ ಬೇಡ. ಡಬ್ಬಿಗೆ ಹಳೇ ಥರ್ಮಾಕೋಲೇ ಸೈ.

ಈಗ ಸೀರೆಗೆ ರಿಟಚಿಂಗ್ ಹತ್ತು ನಿಮಿಷ. ದಿನಕ್ಕೆ 12 ಸೀರೆ ಇದ್ದದ್ದು 30ರ ಹತ್ತಿರ ಬಂದಿದೆ. ಹಾಳೆಯ ದುಡ್ಡು ಎರಡನೇ ಆರ್ಡರಿಗೇ ವಾಪಸ್. ಎಡವಟ್ಟು ಉಳಿದಿರುವುದು ಕುಂಕುಮ ಕೆಂಪಿನಲ್ಲಿ: ಹೊಳಪು ಹೋದ ಮೇಲೆ ಬಣ್ಣ ಗಾಢವಾಗಿ ಅರಿಶಿನ ಬೆರೆಸಿದ ಹಾಗೆ ಕಾಣುತ್ತದೆ. ಪ್ರತಿ ಕೆಂಪು ಸೀರೆಗೂ ಕಲರ್ ಕಾರ್ಡ್ ಇಟ್ಟು ಒಂದು ಫ್ರೇಮ್ ಹೊಡೆದು, ಸ್ಯಾಚುರೇಷನ್ ಹತ್ತರಷ್ಟು ಇಳಿಸಿ, ಸೀರೆಯನ್ನೇ ಮಾನಿಟರ್ ಪಕ್ಕ ಹಿಡಿದು ನೋಡಿಯೇ ಫೈಲ್ ಕಳಿಸುತ್ತೇವೆ.