ಗೋಡೆಗೆ ನೀರು ಕುಡಿಸಿ ಸುಣ್ಣ ಬಳಿದೆ

ಪಾಂಡವಪುರದ ಕಡೆ ನಮ್ಮ ಊರು. ಅಲ್ಲಿನ ಮನೆಯ ನಡುಮನೆ ಗೋಡೆ ನೆಲದಿಂದ ಮೂರು ಅಡಿವರೆಗೆ ಯಾವಾಗಲೂ ಹಪ್ಪಳದ ಹಾಗೆ ಉಬ್ಬಿಕೊಂಡಿರುತ್ತಿತ್ತು. ಬೆರಳಲ್ಲಿ ಒತ್ತಿದರೆ ಪೇಂಟು, ಪುಟ್ಟಿ ಎರಡೂ ಸೇರಿ ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು. ಅದರ ಹಿಂದೆ ಹತ್ತಿಯಂಥ ಬಿಳಿ ಪುಡಿ. ಒಂದು ಸಲ ನಾಲಿಗೆಗೆ ತಾಕಿಸಿ ನೋಡಿದೆ, ಉಪ್ಪುಪ್ಪು. ಹಳೇ ಪೇಂಟಿನ ಪುಡಿಯನ್ನು ಯಾರೂ ಹಾಗೆ ರುಚಿ ನೋಡಬೇಡಿ, ನನ್ನದು ಹುಚ್ಚು.

ಮೂರು ವರ್ಷದಲ್ಲಿ ಎರಡು ಸಲ ಪೇಂಟ್ ಮಾಡಿಸಿದ್ದೆವು. ಎರಡನೇ ಸಲ ಬಂದವರು ತೇವ ತಡೆಯುತ್ತೆ ಅಂತ ಏನೋ ಒಂದು ಬಳಿದು, ಮೇಲೆ ಪುಟ್ಟಿ ಎಳೆದು, ಮಿರಮಿರ ಮಿಂಚುವ ಎಮಲ್ಷನ್ (ಪ್ಲಾಸ್ಟಿಕ್ ಪೇಂಟು) ಹೊಡೆದು ಹೋದರು. ಒಂದು ಮಳೆಗಾಲ ಚೆನ್ನಾಗಿತ್ತು. ಆಮೇಲೆ ಮೂರು ಅಡಿಗಿದ್ದ ತೇವ ನಾಲ್ಕು ಅಡಿಗೆ ಹತ್ತಿತು. ಫೋನ್ ಮಾಡಿದರೆ ಎತ್ತಲಿಲ್ಲ. ನನ್ನ ಕೆಲಸ ಮೈಸೂರಿನಲ್ಲಿ, ಊರಿಗೆ ಹೋಗುವುದು ಶನಿವಾರ, ಭಾನುವಾರ. ಅಲ್ಲಿ ಇರುವುದು ಅವ್ವ ಒಬ್ಬಳೇ. ಆ ಗೋಡೆಯ ವಾಸನೆ ಕುಡಿದುಕೊಂಡು ಅವಳು ಮಲಗುತ್ತಾಳೆ ಅಂತ ನೆನೆಸಿಕೊಂಡರೆ ಬೇಜಾರಾಗುತ್ತಿತ್ತು.

ಊರಲ್ಲಿ ಒಬ್ಬರು ಗಾರೆ ಕೆಲಸದ ತಾತ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಕರಣೆ ಕೆಳಗಿಟ್ಟು ಬಹಳ ವರ್ಷವಾಯಿತು, ಈಗ ಅರಳಿಕಟ್ಟೆ ಮೇಲೆ ಕೂರುತ್ತಾರೆ. ಅವರನ್ನು ಕರೆದುಕೊಂಡು ಬಂದು ತೋರಿಸಿದೆ. ಊರುಗೋಲಿನಿಂದ ಗೋಡೆಯನ್ನು ಅಲ್ಲಲ್ಲಿ ಕುಟ್ಟಿ ಕೇಳಿದರು. ‘ಇದು ಮಣ್ಣಿನ ಗೋಡೆ ಕಣವ್ವ. ಇದ್ಕೆ ರೈನ್‌ಕೋಟ್ ತೊಡ್ಸವ್ರೆ. ಇದ್ರ ಬೆವ್ರು ಎಲ್ಲಿಗ್ ಹೋಗ್ಬೇಕು ಹೇಳು?’

ಅಷ್ಟೇ. ನನ್ನ ಮೂರು ವರ್ಷದ ತಲೆನೋವಿಗೆ ಒಂದು ಸಾಲಿನ ಉತ್ತರ.

ಮನೆ ಕಟ್ಟಿಸಿದ್ದು ನನ್ನ ತಾತನ ಕಾಲದಲ್ಲಿ. ಹಸಿ ಇಟ್ಟಿಗೆ, ಮಣ್ಣಿನ ಕೆಸರು, ಮೇಲೆ ಸುಣ್ಣದ ಗಾರೆ. ಇಂಥ ಗೋಡೆಗೆ ನೆಲದ ತೇವ ಏರುವುದು ಸಹಜ. ಅದರಲ್ಲೂ ನಮ್ಮದು ನಾಲೆ ಬಯಲು. ನಾಲೆಯಲ್ಲಿ ನೀರು ಬಿಟ್ಟರೆ ಹಿತ್ತಲ ಬಾವಿಯೂ ಮೇಲೆ ಬರುತ್ತೆ. ಹಿಂದೆಯೂ ತೇವ ಏರುತ್ತಿತ್ತು, ಆದರೆ ಸುಣ್ಣದ ಪದರದ ಮೂಲಕ ಅಷ್ಟಷ್ಟೇ ಗಾಳಿಗೆ ಆರಿಹೋಗುತ್ತಿತ್ತು. ಈಗ ಪ್ಲಾಸ್ಟಿಕ್ ಪೇಂಟು ದಾರಿ ಮುಚ್ಚಿದೆ. ನೀರು ಇನ್ನೂ ಮೇಲಕ್ಕೆ ದಾರಿ ಹುಡುಕುತ್ತೆ. ಬರುವಾಗ ಮಣ್ಣಿನ ಉಪ್ಪನ್ನೂ ಹೊತ್ತು ತಂದು ಪೇಂಟಿನ ಹಿಂದೆ ಹರಳುಗಟ್ಟಿಸುತ್ತೆ. ಆ ಹರಳೇ ಪೇಂಟನ್ನು ಒಳಗಿನಿಂದ ತಳ್ಳುವುದು.

ಆದರೂ ತಾತ ಹೇಳಿದ ಮಾತ್ರಕ್ಕೆ ಕೆರೆಯಲು ಶುರು ಮಾಡಲಿಲ್ಲ. ಒಂದು ಸುಲಭದ ಪರೀಕ್ಷೆ ಇದೆ. ಪೇಂಟು ಉದುರಿದ ಜಾಗದಲ್ಲಿ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಹಾಳೆಯ ಒಳಬದಿಯಲ್ಲಿ ನೀರಿನ ಹನಿ. ಅಂದರೆ ನೀರು ಗೋಡೆಯಿಂದಲೇ ಬರುತ್ತಿದೆ. ಹೊರಬದಿಯಲ್ಲಿ ಹನಿ ಕಟ್ಟಿದ್ದರೆ ಕೋಣೆಯ ಗಾಳಿಯ ತೇವ ಅಂತ ಲೆಕ್ಕ. ಆಗ ಕಿಟಕಿ ತೆಗೆದಿಟ್ಟರೇ ಎಷ್ಟೋ ಸರಿಹೋಗುತ್ತೆ.

ಮೊದಲ ಕೆಲಸ ಮನೆ ಒಳಗಲ್ಲ, ಹೊರಗೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಹಾಕಿದ್ದ ಸಿಮೆಂಟ್ ನೆಲ ಗೋಡೆ ಕಡೆಗೇ ಇಳಿಜಾರಾಗಿತ್ತು. ದಿನಾ ಒಗೆದ ನೀರೆಲ್ಲ ಗೋಡೆಯ ಬುಡಕ್ಕೆ! ಪಕ್ಕದ ಓಣಿಯಲ್ಲಿ ಮಣ್ಣು ಬಿದ್ದು ಬಿದ್ದು ಹೊರಗಿನ ನೆಲ ಒಳಗಿನ ನೆಲಕ್ಕಿಂತ ಒಂದು ಗೇಣು ಎತ್ತರ ಆಗಿತ್ತು. ಸಿಮೆಂಟ್ ಒಡೆದು ಇಳಿಜಾರನ್ನು ಚರಂಡಿ ಕಡೆಗೆ ತಿರುಗಿಸಿದೆವು. ಹಾರೆ ಹಿಡಿದದ್ದು ಚಿಕ್ಕಪ್ಪನ ಮಗ, ಬಾಂಡ್ಲಿ ಹೊತ್ತದ್ದು ನಾನು. ಓಣಿಯ ಮಣ್ಣು ತೆಗೆದು, ಗೋಡೆ ಉದ್ದಕ್ಕೂ ಒಂದು ಅಡಿ ಅಗಲ, ಒಂದು ಅಡಿ ಆಳ ತೋಡಿ ದಪ್ಪ ಜಲ್ಲಿ ತುಂಬಿದೆವು. ಮಣ್ಣಿನ ಗೋಡೆಯ ಪಕ್ಕ ತೋಡುವಾಗ ಒಂದು ಎಚ್ಚರ ಬೇಕು. ತಳಪಾಯದ ಕಲ್ಲಿನ ತಳಕ್ಕಿಂತ ಕೆಳಗೆ ಹೋಗಬಾರದು. ಮುಂದಿನ ರಸ್ತೆ ಕಾಂಕ್ರೀಟ್ ಆಗಿ ಎತ್ತರ ಆಗಿದೆ, ಅದಕ್ಕೆ ನಾನೇನೂ ಮಾಡಲಾಗಲಿಲ್ಲ.

ಆಮೇಲೆ ಕೆರೆಯುವುದು. ಸಂಕ್ರಾಂತಿ ಮುಗಿದ ಮೇಲೆ ಶುರು ಮಾಡಿ ಎರಡು ವಾರಾಂತ್ಯ ಇದೇ ಕೆಲಸ. ಅಗಲದ ಪಟ್ಟಿಯಲ್ಲಿ ಕೆರೆದು, ತಂತಿ ಬ್ರಷ್‌ನಲ್ಲಿ ಉಜ್ಜಿದೆ. ಮೂಗಿಗೆ ಮಾಸ್ಕ್ ಇಲ್ಲದೆ ಇದನ್ನು ಮಾಡಬೇಡಿ. ಉದುರಿದ ಉಪ್ಪಿನ ಪುಡಿಯನ್ನು ಒಣ ಪೊರಕೆಯಲ್ಲಿ ಗುಡಿಸಿ ಹೊರಗೆ ಹಾಕಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಕರಗಿ ಮತ್ತೆ ಗೋಡೆಗೇ ಇಳಿಯುತ್ತೆ. ಪುಟ್ಟಿ ಹೋದ ಮೇಲೆ ಹಳೇ ಸುಣ್ಣ ಕಂಡಿತು. ಮೊದಲು ತಿಳಿನೀಲಿ, ಅದರ ಹಿಂದೆ ಗಿಳಿಹಸಿರು. ‘ಹಸಿರು ನಿನ್ ಸೋದರತ್ತೆ ಮದ್ವೇದು’ ಅಂದಳು ಅವ್ವ.

ಹಾಗೇ ಬಿಟ್ಟು ಒಂದು ತಿಂಗಳು ಗೋಡೆಯನ್ನು ಒಣಗಲು ಬಿಟ್ಟೆ. ಬಂದವರೆಲ್ಲ ‘ಅರ್ಧಕ್ಕೇ ಬಿಟ್ರಾ?’ ಅಂತ ಕೇಳುವವರೇ.

ಪ್ಲಾಸ್ಟರ್ ಬಿದ್ದುಹೋದ ಕಡೆ ಸಿಮೆಂಟ್ ಮೆತ್ತಲಿಲ್ಲ. ಅದೂ ಇನ್ನೊಂದು ರೈನ್‌ಕೋಟೇ. ತಾತನ ಲೆಕ್ಕದಂತೆ ಸುಣ್ಣದ ಮುದ್ದೆ ಒಂದು ಪಾಲು, ಇಟ್ಟಿಗೆ ಪುಡಿ ಒಂದು ಪಾಲು, ಮರಳು ಎರಡು ಪಾಲು ಹಾಕಿ ಗಾರೆ ಕಲೆಸಿದೆ. ನಾವು ಇವತ್ತಿಗೂ ‘ಗಾರೆ ಕೆಲಸ’ ಅಂತಲೇ ಅನ್ನುತ್ತೇವೆ, ಆದರೆ ಅದರಲ್ಲಿ ಗಾರೆಯೇ ಇಲ್ಲ, ಎಲ್ಲ ಸಿಮೆಂಟು. ಇಟ್ಟಿಗೆ ಪುಡಿ ಬೆರೆಸಿದ ಸುಣ್ಣಕ್ಕೆ ಸುರ್ಕಿ ಅನ್ನುತ್ತಾರೆ. ಸುಟ್ಟ ಇಟ್ಟಿಗೆಯ ನುಣ್ಣನೆ ಪುಡಿ ಸೇರಿದರೆ ಸುಣ್ಣ ತೇವದಲ್ಲೂ ಗಟ್ಟಿಯಾಗುತ್ತೆ. ನಮ್ಮ ಗದ್ದೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದಾಗ ಕಲ್ಲಿಗೆ ಕಲ್ಲು ಕೂರಿಸಿದ್ದು ಸುರ್ಕಿಯಲ್ಲೇ. ಅಷ್ಟು ನೀರನ್ನು ಹಿಡಿದು ನಿಲ್ಲಿಸಿದ ಗಾರೆ ನಮ್ಮ ನಡುಮನೆ ಗೋಡೆಗೆ ಸಾಲದೆ?

ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಿ ಅರಳಿಸುವುದೇ ಈ ಕೆಲಸದ ಮಜಾ, ಭಯ ಎರಡೂ. ಮಂಡ್ಯದ ಪೇಟೆ ಬೀದಿಯಲ್ಲಿ ಹರಳು ಸುಣ್ಣ ಹತ್ತು ಕಿಲೋ ತಂದೆ. ‘ಆಲೆಮನೆಗಾ?’ ಅಂತ ಕೇಳಿದರು ಅಂಗಡಿಯವರು. ಬೆಲ್ಲ ಕಾಯಿಸುವಾಗ ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣ ಹಾಕುತ್ತಾರಲ್ಲ, ಅದಕ್ಕೆ. ಗೋಡೆಗೆ ಅಂದಾಗ ಸ್ವಲ್ಪ ಆಶ್ಚರ್ಯಪಟ್ಟರು.

ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು. ಇದೊಂದನ್ನು ಮರೆಯಬೇಡಿ. ಹರಳು ನೀರಿಗೆ ಬಿದ್ದ ಕ್ಷಣ ಸುಮ್ಮನಿರುತ್ತೆ. ಮೋಸ ಹೋಗಬೇಡಿ. ಸ್ವಲ್ಪ ಹೊತ್ತಿಗೆ ಸುಂಯ್ ಅಂತ ಶುರುವಾಗಿ, ಒಲೆಯೇ ಇಲ್ಲದೆ ಕೊತಕೊತ ಕುದಿಯುತ್ತೆ. ಮೊದಲ ದಿನ ಎರಡು ಹರಳಿನಲ್ಲಿ ಪರೀಕ್ಷೆ ನೋಡೋಣ ಅಂತ ಅವ್ವನ ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡೆ. ತಳ ಸೊಟ್ಟಗಾಯಿತು, ಅವ್ವನ ಮುಖವೂ. ಆಮೇಲೆ ಕಬ್ಬಿಣದ ಅರ್ಧ ಡ್ರಮ್ ತಂದು, ಮುಕ್ಕಾಲು ಭಾಗ ನೀರು ತುಂಬಿ, ಒಂದೊಂದೇ ಹರಳು ಬಿಡುತ್ತಾ ಉದ್ದನೆ ಕೋಲಿನಲ್ಲಿ ತಿರುವಿದೆ. ತುಂಬು ತೋಳಿನ ಅಂಗಿ, ಗ್ಲೌಸ್, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ. ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು. ಸುಣ್ಣ ಕಣ್ಣಿಗೆ ಸಿಡಿದರೆ ಉಜ್ಜದೆ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳನ್ನಂತೂ ಹತ್ತಿರ ಬಿಡಬೇಡಿ. ಕುದಿ ನಿಂತ ಮೇಲೆ ಗೋಣಿ ಮುಚ್ಚಿ ಹತ್ತು ದಿನ ಹಾಗೇ ಬಿಟ್ಟೆ. ಒಂದು ದಿನ ಬಿಟ್ಟರೂ ನಡೆಯುತ್ತೆ ಅನ್ನುವವರಿದ್ದಾರೆ, ಆದರೆ ಅರಳದೆ ಉಳಿದ ಸಣ್ಣ ಹರಳು ಗೋಡೆ ಮೇಲೆ ಅರಳಿದರೆ ಅಲ್ಲಲ್ಲಿ ಪುಟಿದು ಗುಳಿ ಬೀಳುತ್ತೆ. ಕಾಯುವುದಕ್ಕೆ ದುಡ್ಡು ಕೊಡಬೇಕಾಗಿಲ್ಲವಲ್ಲ. ಹತ್ತು ದಿನದ ಮೇಲೆ ಬೆಣ್ಣೆಯಂಥ ಮುದ್ದೆ ಸಿಕ್ಕಿತು.

ಬಳಿಯುವುದಕ್ಕೆ ಆ ಮುದ್ದೆಯನ್ನು ನೀರಿನಲ್ಲಿ ಕದಡಿ, ಅವ್ವನ ಹಳೇ ಸೀರೆಯಲ್ಲಿ ಸೋಸಿದೆ. ಬಿಸಿನೀರಿನಲ್ಲಿ ಕರಗಿಸಿದ ಒಂದು ಹಿಡಿ ಜಾಲಿ ಅಂಟು ಸೇರಿಸಿದೆ, ಬಿಳುಪಿಗೆ ಚೂರು ನೀಲಿ. ನೀಲಿ ಜಾಸ್ತಿಯಾದರೆ ಮನೆ ಆಸ್ಪತ್ರೆ ವಾರ್ಡಿನ ಹಾಗಾಗುತ್ತೆ. ಕೆಲವರು ಉಪ್ಪು ಹಾಕುತ್ತಾರೆ. ಉಪ್ಪು ತೇವ ಎಳೆಯುತ್ತೆ, ನಮ್ಮ ಗೋಡೆಯಲ್ಲಿ ಈಗಾಗಲೇ ಬೇಕಾದಷ್ಟಿತ್ತು, ಹಾಗಾಗಿ ಬೇಡ ಅಂದೆ. ಬೆಲ್ಲದ ನೀರು ಹಾಕು ಅಂದರು ಪಕ್ಕದ ಮನೆ ಚಿಕ್ಕವ್ವ. ಇರುವೆಗೆ ಯಾಕೆ ಔತಣ ಅಂತ ಅದನ್ನೂ ಬಿಟ್ಟೆ.

ಮೊದಲ ಕೋಟ್ ಪೂರ್ತಿ ಹಾಳಾಯಿತು. ನಾನು ಮಾಡಿದ ತಪ್ಪು ಎರಡು. ಬಳಿದಾಗ ಗೋಡೆ ಮೇಲೆ ಏನೂ ಕಾಣುವುದಿಲ್ಲ, ಬರೀ ಒದ್ದೆ ಮಾಡಿದ ಹಾಗೆ ಕಾಣುತ್ತೆ. ತೆಳುವಾಯಿತು ಅಂದುಕೊಂಡು ಇನ್ನಷ್ಟು ಮುದ್ದೆ ಹಾಕಿ ಗಟ್ಟಿ ಮಜ್ಜಿಗೆಯಷ್ಟು ದಪ್ಪ ಮಾಡಿದೆ. ಎರಡನೆಯದು, ಮಧ್ಯಾಹ್ನದ ಸೆಕೆಯಲ್ಲಿ ಒಣ ಗೋಡೆಗೆ ಬಳಿದೆ. ಸಂಜೆಗೆ ಹಾಲಿನಂಥ ಬಿಳುಪು! ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಬೆಳಿಗ್ಗೆ ಒರಗಿದರೆ ಬೆನ್ನೆಲ್ಲ ಬಿಳಿ. ತಾತ ಬಂದು ಬೆರಳಲ್ಲಿ ಗೀರಿ ನೋಡಿದರು. ‘ಏನವ್ವ, ಸುಣ್ಣ ಬಳ್ದಿದ್ದೀಯೋ, ಪೌಡ್ರು ಹಚ್ಚಿದ್ದೀಯೋ? ಗೋಡೆಗ್ ಮೊದ್ಲು ನೀರ್ ಕುಡ್ಸು.’

ತೇವ ಹೋಗಲಿ ಅಂತ ಒಂದು ತಿಂಗಳು ಕಾದ ಗೋಡೆಗೆ ಮತ್ತೆ ನೀರಾ ಅಂತ ನನಗೆ ಸಿಟ್ಟೇ ಬಂತು. ಆಮೇಲೆ ಅರ್ಥವಾಯಿತು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತೆ. ನೀರು ಸೇರಿ ಅರಳಿದ ಸುಣ್ಣ ಗೋಡೆ ಮೇಲೆ ಅದೇ ಅನಿಲವನ್ನು ಗಾಳಿಯಿಂದ ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತೆ. ಆದರೆ ಇದು ನಡೆಯಬೇಕಾದರೆ ಪದರ ನಿಧಾನವಾಗಿ ಆರಬೇಕು, ಒಂಚೂರು ಪಸೆ ಇರಬೇಕು. ಒಣ ಗೋಡೆ ನೀರನ್ನು ಗಬಕ್ಕನೆ ಹೀರಿದರೆ ಸುಣ್ಣ ಕಲ್ಲಾಗದೆ ಪುಡಿಯಾಗಿಯೇ ಉಳಿಯುತ್ತೆ. ನಾವು ಕುಡಿಸುವ ನೀರು ಒಂದು ದಿನದ್ದು, ಮೇಲೆ ಸುಣ್ಣ ಇದ್ದರೆ ಅದು ಹೊರಗೆ ಹೋಗಲು ದಾರಿಯೂ ಇರುತ್ತೆ.

ಪುಡಿಯನ್ನೆಲ್ಲ ಉಜ್ಜಿ ತೆಗೆದು ಮತ್ತೆ ಶುರು ಮಾಡಿದೆ. ಸ್ವಿಚ್ ಬೋರ್ಡ್ ಇರುವ ಗೋಡೆ, ಹಾಗಾಗಿ ಮೊದಲು ಮೇನ್ ಆಫ್. ಬೆಳಿಗ್ಗೆ ಆರೂವರೆಗೆ ಗಿಡಕ್ಕೆ ಹೊಡೆಯುವ ಸ್ಪ್ರೇ ಕ್ಯಾನ್‌ನಿಂದ ಗೋಡೆ ನೆನೆಸಿದೆ. ನೀರು ಸುರಿಯಬಾರದು, ಮೇಲಿನ ಹೊಳಪು ಹೋಗುವವರೆಗೆ ಕಾದು ಬಳಿಯಬೇಕು. ಸುಣ್ಣ ಹಾಲಿನಷ್ಟು ತೆಳು. ಒಂದು ಕೋಟ್ ಮೇಲಿಂದ ಕೆಳಕ್ಕೆ, ಮರುದಿನ ಇನ್ನೊಂದು ಅಡ್ಡಕ್ಕೆ, ಮುಂದಿನ ವಾರ ಮೂರನೆಯದು. ಪ್ರತಿ ಸಲವೂ ಮೊದಲು ನೀರು. ಬಕೆಟ್ ತಳದಲ್ಲಿ ಸುಣ್ಣ ಕೂರುತ್ತೆ, ಆಗಾಗ ತಿರುವುತ್ತಿರಬೇಕು. ರೋಲರ್ ಬೇಡ, ಅಗಲದ ನಾರಿನ ಕುಂಚವೇ ಸರಿ. ಬಳಿದ ಮೇಲೆ ಕೈಗೆ ಕೊಬ್ಬರಿ ಎಣ್ಣೆ. ಗ್ಲೌಸ್ ಹಾಕಿದ್ದರೂ ನನ್ನ ಬೆರಳ ತುದಿ ಒಂದು ವಾರ ಬಿರುಕು ಬಿಟ್ಟಿತ್ತು.

ಬುಡಕ್ಕೆ ಒಂದು ಗೇಣು ಕೆಮ್ಮಣ್ಣಿನ ಪಟ್ಟೆ ಎಳೆದೆ, ಅವ್ವನ ಆಸೆಗೆ. ಅದೇ ಸುಣ್ಣದ ನೀರಿಗೆ ಕೆಮ್ಮಣ್ಣನ್ನು ನುಣ್ಣಗೆ ಸೋಸಿ ಬೆರೆಸಿದ್ದು. ಮಣ್ಣಿನ ಬಣ್ಣಗಳಿಗೆ ಸುಣ್ಣದ ಖಾರ ತಾಕುವುದಿಲ್ಲ. ಅಂಗಡಿಯ ಕೆಲವು ಗಾಢ ಬಣ್ಣಗಳು ಸುಣ್ಣದಲ್ಲಿ ಮಂಕಾಗಿಬಿಡುತ್ತವೆ. ಪಟ್ಟೆ ಅಲ್ಲಲ್ಲಿ ಡೊಂಕಾಗಿದೆ. ದಾರ ಹಿಡಿದು ಗೆರೆ ಹಾಕಿಕೊಳ್ಳಬೇಕಿತ್ತು.

ಯುಗಾದಿಗೆ ಮುಗಿಯಿತು. ಅದಾದ ಮೇಲೆ ಒಂದು ಮಳೆಗಾಲ ಕಳೆದಿದೆ. ನಾಲೆಯಲ್ಲಿ ನೀರು ಬಂದಾಗ ಬುಡದಲ್ಲಿ ಒಂದು ಅಡಿ ಗೋಡೆ ಸ್ವಲ್ಪ ಕಪ್ಪಗಾಗುತ್ತೆ, ನೀರು ನಿಂತ ಮೇಲೆ ತಾನೇ ಬೆಳ್ಳಗಾಗುತ್ತೆ. ಚಕ್ಕೆ ಎದ್ದಿಲ್ಲ, ವಾಸನೆ ಇಲ್ಲ. ಬಚ್ಚಲ ಕಡೆಯ ಮೂಲೆಯೊಂದು ಮಾತ್ರ ಇನ್ನೂ ಮೊಂಡು ಹಿಡಿದಿದೆ. ಅಲ್ಲಿ ಒಳಗಿನ ಪೈಪ್ ಸೋರುತ್ತಿರಬೇಕು, ಅದಕ್ಕೆ ಸುಣ್ಣ ಮದ್ದಲ್ಲ. ಇನ್ನೊಂದು ಮಾತು. ಸುಣ್ಣದ ಗೋಡೆಯನ್ನು ಎಮಲ್ಷನ್ ಗೋಡೆಯಂತೆ ಒರೆಸಿ ತೊಳೆಯಲಾಗುವುದಿಲ್ಲ. ಎಣ್ಣೆ ತಲೆ ಒರಗಿಸಿದರೆ ಕಲೆ ಉಳಿಯುತ್ತೆ. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಕೋಟ್ ಬಳಿಯಬೇಕು. ಅದು ಬೇಡ ಅನ್ನುವವರಿಗೆ ಈ ದಾರಿ ಸರಿಹೋಗುವುದಿಲ್ಲ.

ಮಿಕ್ಕ ಮುದ್ದೆಯನ್ನು ಒಂದು ಮಡಕೆಗೆ ತುಂಬಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಜಗಲಿ ಮೂಲೆಯಲ್ಲಿ ಇಟ್ಟಿದ್ದೇನೆ. ಗಾಳಿ ತಾಗದಿದ್ದರೆ ವರ್ಷಗಟ್ಟಲೆ ಇರುತ್ತೆ, ಹಳತಾದಷ್ಟೂ ನುಣುಪು. ಹೋದ ಭಾನುವಾರ ನೋಡುತ್ತೇನೆ, ಅವ್ವ ವೀಳ್ಯದೆಲೆ ಹಿಡಿದುಕೊಂಡು ಮಡಕೆಗೆ ಬೆರಳು ಅದ್ದಲು ಹೊರಟಿದ್ದಾಳೆ.

‘ಅವ್ವಾ, ಅದು ಗೋಡೆಗೆ!’

‘ಸುಣ್ಣ ಅಲ್ವೇನೆ?’ ಅಂದಳು.

ಮಡಕೆಗೆ ಮುಚ್ಚಳ ಹಾಕಿ, ಮೇಲೊಂದು ಕಲ್ಲು ಹೇರಿ ಬಂದೆ.